ಮೀನೊಂದೇ ಹೋದರೆ ಸಾಲದು

ಇವತ್ತು ಮುಂಜಾನೆ ನಮ್ಮೂರ ಗೌಡರು ಮೂಗಿಗೆ ಟವಲು ಹಿಡಿದುಕೊಂಡು ಹೊಳೆದಂಡೆಗೆ ಬಂದರು. ನಾನು ಬಂಡೆಯ ಮೇಲೆ ಮೀನು ಒಣಹಾಕುತ್ತಿದ್ದೆ. ಒಣಮೀನಿನ ನಾತ ಗೊತ್ತಿಲ್ಲದವರಿಗೆ ಹೇಳಿ ತಿಳಿಯುವುದಿಲ್ಲ, ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಗೌಡರು ಮೀನು ಮುಟ್ಟುವ ಮಂದಿಯಲ್ಲ. ಆದರೂ ಹತ್ತಿರ ಬಂದು, ನನ್ನನ್ನು ನೋಡದೆ ಹೊಳೆಯನ್ನೇ ನೋಡುತ್ತ ಕೇಳಿದರು.

"ಆ ಶಹಾಪುರದ ಹಕೀಮನ ಕಡಿ ಹೋಗೂದಾದ್ರ ಏನೇನು ನೋಡ್ಕೋಬೇಕಲೇ?"

ನಗು ಗಂಟಲ ತನಕ ಬಂತು, ನುಂಗಿದೆ. ಈ ವಿದ್ಯೆಯಲ್ಲಿ ಊರಿಗೆ ನಾನೊಬ್ಬನೇ ಪಂಡಿತ. ಸಾಲಿಯಲ್ಲಿ ಕಲಿತದ್ದು ಕಡಿಮೆ, ಇದನ್ನು ಮಾತ್ರ ಪೆಟ್ಟು ತಿಂದು ಕಲಿತಿದ್ದೇನೆ. ನೀವೂ ಕೇಳಿಟ್ಟುಕೊಳ್ಳಿ, ಯಾರಿಗೆ ಯಾವಾಗ ಬೇಕಾಗುತ್ತದೋ.

ಕೃಷ್ಣೆಯಲ್ಲಿ ಹರಗೋಲು ಹಾಕಿ ಮಂದಿಯನ್ನು ದಾಟಿಸುವುದು ನಮ್ಮ ಮನೆತನದ ಕೆಲಸ. ನನಗೆ ಮೀಸೆ ಚಿಗುರುತ್ತಿದ್ದ ವರ್ಷ, ಹೊಳೆ ತುಂಬಿದಾಗ, ನಾನೂ ನನ್ನ ಹಣಮಂತ ಮಾವನೂ ಇದ್ದ ಹರಗೋಲು ಸುಳಿಗೆ ಸಿಕ್ಕಿ ಬುಗುರಿಯ ಹಾಗೆ ತಿರುಗಿತು. ಯಾರೂ ಸಾಯಲಿಲ್ಲ. ಶೆಟ್ಟರ ಬೆಲ್ಲದ ಬುಟ್ಟಿ ಮಾತ್ರ ಹೋಯಿತು, ಆ ದಿನ ಮೀನುಗಳಿಗೆ ಹೋಳಿಗೆಯೂಟ. ಆದರೆ ಅಂದಿನಿಂದ ಹರಗೋಲಿನಲ್ಲಿ ಕಾಲಿಟ್ಟರೆ ಸಾಕು, ಎದೆ ಹಲಗೆ ಬಡಿದಂತೆ ಬಡಿಯುತ್ತಿತ್ತು. ಹುಟ್ಟು ಹಿಡಿದ ಕೈ ಕಟ್ಟಿಗೆಯಾಗುತ್ತಿತ್ತು. ಗಂಡಸಾಗಿ ಹೆದರುತ್ತೀಯಾ ಎಂದು ಎಲ್ಲರಿಗಿಂತ ಹೆಚ್ಚು ಬೈದವನು ಮಾವ. ಅವನು ಮಾತ್ರ ಮೊಣಕಾಲು ನೋವೆಂದು ದಂಡೆಯಲ್ಲೇ ಕುಳಿತಿದ್ದ. ಇದೇ ಗೌಡರು ಕರೆಸಿ ಹೇಳಿದರು: ಮುಂಗಾರಿನ ಮಿರಗದ ಮಳೆ ಬೀಳುವುದರೊಳಗೆ ಹುಟ್ಟು ಹಿಡಿ, ಇಲ್ಲದಿದ್ದರೆ ಮಂದಿ ದಾಟಿಸುವ ಕಡವು ಬೇರೆಯವರಿಗೆ ಕೊಡುತ್ತೇನೆ. ಕಡವು ಹೋದರೆ ನಮ್ಮ ಮನೆಯ ಒಲೆ ಹೋದಂತೆ.

ಅವ್ವ ದರ್ಗಾದ ದಾರ ಕಟ್ಟಿಸಿದಳು, ಗುಡಿಯ ಹಣಮಪ್ಪನಿಗೆ ಎಣ್ಣೆ ಎರೆದಳು. ದಾರವೂ ಚೆನ್ನಾಗಿತ್ತು, ಎಣ್ಣೆಯೂ ಚೆನ್ನಾಗಿತ್ತು, ನನ್ನ ಕೈ ಹಾಗೇ ಇತ್ತು. ಆಗ ಹತ್ತಿಯ ಬಂಡಿ ಹೊಡೆಯುವ ಗೆಳೆಯನೊಬ್ಬ ಶಹಾಪುರದ ಹಕೀಮರ ಸುದ್ದಿ ಹೇಳಿದ. ಸರಕಾರಿ ದವಾಖಾನೆ ಬಿಟ್ಟು ಸ್ವಂತ ಮನೆಯಲ್ಲಿ ಕೂಡುತ್ತಾರಂತೆ, ಔಷಧ ಕಡಿಮೆ, ಮಾತಾಡಿಸುವುದೇ ಹೆಚ್ಚಂತೆ. ಸುರಪುರದಲ್ಲೂ ಒಬ್ಬ ಹಕೀಮರಿದ್ದರು, ಹತ್ತಿರವೂ ಆಗುತ್ತಿತ್ತು. ಆದರೆ ಅವರ ಅಂಗಡಿಯ ಎದುರೇ ನಮ್ಮೂರವರು ಚಹಾ ಕುಡಿಯುತ್ತಾರೆ. ಅಲ್ಲಿ ಬಾಯಿ ಬಿಟ್ಟರೆ ನನಗಿಂತ ಮೊದಲು ನನ್ನ ಮಾತು ಊರು ಸೇರುತ್ತದೆ. ಆದ್ದರಿಂದ ಶಹಾಪುರವೇ ಸರಿ. ಅದೂ ಸಂತೆಯ ದಿನ, ಯಾಕೆ ಹೊರಟೆ ಎಂದು ಯಾರೂ ಕೇಳುವುದಿಲ್ಲ.

ಹಕೀಮರ ಕೋಣೆ ಅಜವಾನದ ವಾಸನೆ ಹೊಡೆಯುತ್ತಿತ್ತು. ಹೆಂಡತಿಯನ್ನು ಪಕ್ಕದ ಮನೆಗೆ ಕಳಿಸಿದರು, ಬಾಗಿಲು ಮುಂದೆ ಮಾಡಿದರು, ನನ್ನ ನಾಡಿ ಹಿಡಿದು ಹೇಳು ಎಂದರು. ಏನು ಹೇಳುವುದು? ನಾನು ನಮ್ಮ ಎತ್ತಿನ ಕೊಂಬಿನ ವಿಷಯ ಹೇಳಿದೆ. ಅದನ್ನೂ ಕೇಳಿದರು. ಬಿಸಿಲು ಹೊಸ್ತಿಲು ಮುಟ್ಟಿದ ಕೂಡಲೇ ಸಾಕು, ಮುಂದಿನ ಸಂತೆಗೆ ಬಾ ಎಂದರು. ಎಷ್ಟು ಸಲ ಬಂದರೆ ವಾಸಿ ಎಂದು ಕೇಳಿದ್ದಕ್ಕೆ, ಹೊಳೆ ದಾಟಲು ಎಷ್ಟು ಹುಟ್ಟು ಹಾಕಬೇಕೆಂದು ದಂಡೆಯಲ್ಲೇ ಹೇಳುತ್ತೀಯಾ ಎಂದು ನನ್ನನ್ನೇ ಕೇಳಿದರು. ರೊಕ್ಕ ಬೇಡ, ಒಣಮೀನು ತಾ ಎಂದರು. ಒಂದು ಷರತ್ತು ಹಾಕಿದರು.

"ನೀ ಬರಲಿಲ್ಲಂದ್ರೂ ಮೀನ ಬರಬೇಕು, ಬೇಟಾ. ಆ ಹೊತ್ತು ನಿನ್ನ ಹೆಸರಿಗೇ ಇಟ್ಟಿರ್ತೀನಿ."

ಮುಂದಿನ ಸಂತೆ ಬಂದಾಗ ನನಗೆ ನಾಚಿಕೆ ಹತ್ತಿತು. ನಮ್ಮ ಸೀಮೆಯಲ್ಲಿ ಯಾವುದಕ್ಕೂ ತಾನೇ ಹೋಗುವ ಪದ್ಧತಿ ಇಲ್ಲ, ನೋಡಿ. ಕಚೇರಿಯ ಮಾತೆಲ್ಲ ಉರ್ದು, ಅಲ್ಲಿಗೆ ವಕೀಲ ಹೋಗುತ್ತಾನೆ. ಹೆಣ್ಣು ಕೇಳಲು ಮಾವ ಹೋಗುತ್ತಾನೆ. ಗೌಡರ ಹತ್ತಿರ ಹಿರಿಯರು ಹೋಗುತ್ತಾರೆ. ಹಾಗಿದ್ದ ಮೇಲೆ ಇದಕ್ಕೂ ಮಾವ ಸಾಲನೇ? ಮೀನಿನ ಗಂಟು ಕೊಟ್ಟು, ನನ್ನ ಪರವಾಗಿ ಎಲ್ಲ ಹೇಳಿ ಬಾ ಎಂದು ಅವನನ್ನೇ ಕಳಿಸಿದೆ.

ಮಾವ ಬಂಡಿಯಲ್ಲಿ ಹಾಡುತ್ತ ಬಂದ. ಮದುವೆಯಲ್ಲೂ ಹಲ್ಲು ತೋರಿಸದ ಮನುಷ್ಯ! ಮರುವಾರ ನಾನು ಹೇಳುವ ಮೊದಲೇ ಗಂಟು ಕಟ್ಟಿಕೊಂಡು ನಿಂತಿದ್ದ. ಅದರ ಮುಂದಿನ ವಾರವೂ ಅದೇ. ಮೊಣಕಾಲು ನೆಟ್ಟಗಾಯಿತು, ಪೇಟ ಓರೆಯಾಯಿತು. ನನ್ನ ಮೀನು ಕರಗುತ್ತಿತ್ತು, ಕೈ ಮಾತ್ರ ಕಟ್ಟಿಗೆಯೇ.

"ರೋಗ ನಿಂದು, ಹುರುಪು ಅವಂದಾ?" ಎಂದಳು ಅವ್ವ.

ಒಂದು ದಿನ ನೋಡಿದರೆ ಮಾವ ಒಬ್ಬನೇ ನಡುಹೊಳೆಯಲ್ಲಿ ಹರಗೋಲನ್ನು ಬೇಕೆಂದೇ ಗರಗರ ತಿರುಗಿಸುತ್ತ ನಗುತ್ತಿದ್ದ. ದಂಡೆಗೆ ಬಂದ ಕೂಡಲೇ ಅಡ್ಡಹಾಕಿ, ಹಕೀಮರ ಮುಂದೆ ಏನು ಹೇಳುತ್ತೀ ಎಂದು ಕೇಳಿದೆ.

"ನಿನ್ನ ಕಥಿನೇ ಹೇಳಾಕ ಕುಂತೆಪಾ," ಎಂದ. "ಅರ್ಧಾ ಹೇಳೂದ್ರಾಗ ಸಾಹೇಬ್ರು, ಈ ಓಡೂ ನಾಡಿ ಯಾರ್ದು ಅಂದ್ರು. ನಂದರಿ ಅಂದೆ. ಹಂಗಾರ ನಿಂದೇ ಹೇಳು ಅಂದ್ರು. ಆ ಸುಳಿಯಾಗ ನಾನೂ ಇದ್ದೆನಲ್ಲ?"

"ಮತ್ತ ನಂದು?"

"ನಿಂದು ನೀನೇ ಒಯ್ಯಬೇಕಲೇ. ನಾ ಉಂಡ್ರ ನಿನಗ ತೇಗು ಬರ್ತದೇನು?"

ಮಿರಗದ ಮೋಡ ಆಗಲೇ ಗುಡ್ಡದ ಮೇಲೆ ಕುಳಿತಿತ್ತು. ಮರುಸಂತೆಗೆ ಬಂಡಿಗಿಂತ ಮುಂದೆ ಓಡಿದೆ. ಅಂದು ಎತ್ತಿನ ಕೊಂಬು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಏನು ಹೇಳಿದೆ ಎಂಬುದು ನಿಮಗೆ ಬೇಡ, ಕೇಳಿದ್ದು ಹಕೀಮರು ಮತ್ತು ಅಂಗಳದಲ್ಲಿದ್ದ ಅವರ ಆಡು, ಇಬ್ಬರೂ ಯಾರಿಗೂ ಹೇಳಿಲ್ಲ. ನನ್ನ ಹೊತ್ತು ಮುಗಿದು ಹೊರಗೆ ಬಂದರೆ ಮಾವ ಕಟ್ಟೆಯ ಮೇಲೆ ಬೇರೆ ಗಂಟು ಹಿಡಿದು ಕಾಯುತ್ತಿದ್ದ. ಅವನದು ಅವನ ಮೀನು.

ಮಳೆ ಬಿತ್ತು. ಪರೀಕ್ಷೆ ಮಾಡಲೆಂದು ಗೌಡರೇ ಹರಗೋಲು ಹತ್ತಿದರು. ನಡುಹೊಳೆಯಲ್ಲಿ ನನ್ನ ಕೈ ನಡುಗಿತು, ಸುಳ್ಳು ಯಾಕೆ ಹೇಳಲಿ. ನಡುಗುತ್ತಲೇ ಹುಟ್ಟು ಹಾಕಿದೆ. ಗೌಡರು ಅದನ್ನು ನೋಡಲಿಲ್ಲ. ಅವರು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ನನ್ನ ಧೋತರದ ಚುಂಗು ಹಿಡಿದುಕೊಂಡಿದ್ದರು. ಕಡವು ನಮ್ಮಲ್ಲೇ ಉಳಿಯಿತು.

ಆ ಗೌಡರೇ ಇವತ್ತು ಕೇಳಿದ್ದು. ಸಂತೆಯ ದಿನ ಹೋಗಿರಿ, ನಿಮ್ಮ ಪರವಾಗಿ ಕುಲಕರ್ಣಿಯನ್ನು ಕಳಿಸಬೇಡಿರಿ, ನೀವೇ ಹೋಗಿರಿ ಎಂದೆ. ರೊಕ್ಕದ ಬದಲು ಒಣಮೀನು ಒಯ್ಯಬೇಕೆಂದೆ, ಅವರಿಗೆ ಅದರದೇ ಚಿಂತೆ.

"ಮೊಸರು ನಡೀತದೇನು?"

"ನಡೀತದ್ರಿ. ನೀವು ಹೋಗ್ಲಿಲ್ಲಂದ್ರೂ ಮೊಸರು ಹೋಗಬೇಕು."

ಗೌಡರು ಮೂಗಿನ ಟವಲು ತೆಗೆದರು. ನನ್ನ ಮೀನುಗಳನ್ನು ಎರಡು ಬೆರಳಿನಿಂದ ಸರಿಸಿ ಬಂಡೆಯ ಮೇಲೆ ಕುಳಿತರು. ಒಂದು ಸಲ ಸಣ್ಣವನಿದ್ದಾಗ ಏನಾಗಿತ್ತೆಂದರೆ, ಎಂದು ಸುರು ಮಾಡಿದರು. ಕೇಳಲು ನನ್ನ ಕಿವಿ ಎಷ್ಟು ತುರಿಸಿತೆಂದು ನಿಮಗೆ ಹೇಳಲಾರೆ.

"ನನಗ ಬ್ಯಾಡ್ರಿ, ಗೌಡ್ರೇ," ಎಂದೆ. "ಅಲ್ಲಿಗಿ ಉಳಿಸ್ಕೋರಿ. ಬಾಗಿಲ ತನಕಾ ನಾ ಬರ್ತೀನಿ, ಆಡಿನ ಬಾಜೂಕ ಕುಂದಿರ್ತೀನಿ."