ಪರದೆಯ ಮೇಲೆ ಚಾಚಾನ ನಡಿಗೆ

ಹಳಿಯಾಳದ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ನಾನೊಂದು ಚಿತ್ರಕಥೆ ಬರೆಯುತ್ತಿದ್ದೆ. ಬರೆಯುತ್ತಿದ್ದೆ ಎಂದರೆ, ಚಿತ್ರಗಳ ಕೆಳಗೆ ಬರುವ ಎರಡೆರಡು ಸಾಲು ಮಾತು ನನ್ನದು, ಚಿತ್ರಗಳೆಲ್ಲ ನನ್ನ ಗೆಳೆಯನವು. ಗೆಳೆಯ ಪೇಟೆಯ ಅಂಗಡಿಗಳಿಗೆ ತಗಡಿನ ಬೋರ್ಡು ಬರೆದುಕೊಡುವ ಪೇಂಟರ್. ಹುಬ್ಬಳ್ಳಿಯ ಒಂದು ವಾರಪತ್ರಿಕೆ, ಎರಡನೇ ಮಹಾಯುದ್ಧದ ದಿನಗಳಲ್ಲಿ ಕಾಗದಕ್ಕೆ ಬರವಿದ್ದರೂ, ತನ್ನ ಕೊನೆಯ ಪುಟವನ್ನು ನಮಗೆ ಬಿಟ್ಟುಕೊಟ್ಟಿತ್ತು.

ಕಥೆ ನಮ್ಮ ಕಾಡಿನದೇ. ಸಾಗವಾನಿ ಮರಗಳನ್ನು ಕದ್ದು ಸಾಗಿಸುವ, ಕೂಲಿಯವರನ್ನು ಬಡಿಯುವ ಒಬ್ಬ ಕಂಟ್ರಾಟುದಾರ. ಅವನ ಎದುರಿಗೆ ಯಾರೂ ಗುರುತು ಹಿಡಿಯದ ಒಬ್ಬ ಮನುಷ್ಯ. ಕಾಡಿನಲ್ಲಿ ಎಮ್ಮೆ ಕಾಯುವ ಗೌಳಿಗರ ಹಾಗೆ ತಲೆಯ ಮೇಲಿಂದ ಕರಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಬರುತ್ತಾನೆ, ಅವನ ಮುಖ ಒಮ್ಮೆಯೂ ಕಾಣಿಸುವುದಿಲ್ಲ. ಓದುವವರು ಅವನನ್ನು ಕಂಬಳಿಯವ ಎಂದು ಕರೆದರು. ಅವನು ಅಡಗುವ ಜಾಗ ಗೊತ್ತಿದ್ದದ್ದು ಒಬ್ಬನಿಗೆ ಮಾತ್ರ, ಕಟ್ಟಿಗೆಯ ಬಂಡಿ ಹೊಡೆಯುವ ಒಬ್ಬ ಮುದುಕನಿಗೆ. ಪೊಲೀಸರು ಬಂದಾಗಲೆಲ್ಲ ಮುದುಕ ಕಂಬಳಿಯವನನ್ನು ಬಂಡಿಯ ದಿಮ್ಮಿಗಳ ನಡುವೆ ಮಲಗಿಸಿಕೊಂಡು, ಅವರಿಗೇ ಸಲಾಮು ಹೊಡೆದು ಮುಂದೆ ಸಾಗುತ್ತಿದ್ದ.

ಆ ಮುದುಕನಿಗೆ ಗೆಳೆಯ ತನ್ನ ತಂದೆಯ ಮುಖವನ್ನೇ ಬರೆದಿದ್ದ. ತಂದೆ ದಾಂಡೇಲಿಯ ಡಿಪೋದಿಂದ ಹಳಿಯಾಳದ ವ್ಯಾಪಾರಿಗಳಿಗೆ ಕಟ್ಟಿಗೆ ಹೇರಿ ತರುತ್ತಿದ್ದರು. ಊರಿಗೆಲ್ಲ ಅವರು ಚಾಚಾ. ಹಿಂದೊಮ್ಮೆ ದಿಮ್ಮಿ ಉರುಳಿ ಎಡಗಾಲಿನ ಮೇಲೆ ಬಿದ್ದಿತ್ತು. ಅಂದಿನಿಂದ ಅವರು ಎಡಗಾಲನ್ನು ಹೊರಗೆ ಬೀಸಿ, ಒಂದು ಕ್ಷಣ ನಿಂತು, ಆಮೇಲೆ ಬಲಗಾಲು ಇಡುತ್ತಿದ್ದರು. ಪೇಟೆಯ ಆ ತುದಿಯಲ್ಲಿ ಬರುವಾಗಲೇ ಅದು ಚಾಚಾ ಎಂದು ಯಾರಾದರೂ ಹೇಳಬಹುದಿತ್ತು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಪತ್ರಿಕೆ ಬಂದಾಗ ಮಗ ತೋರಿಸಿದರೆ ಹತ್ತಿರ ಹಿಡಿದು ನೋಡಿ, “ನನ್ನ ಮೂಗು ಇಷ್ಟು ದಪ್ಪ ಐತೇನೋ?” ಎಂದು ಕೇಳುತ್ತಿದ್ದರು. ಆದರೆ ಆ ಪುಟಗಳನ್ನೆಲ್ಲ ಮನೆಯ ಗೋಡೆಗೆ ಅಂಟಿಸಿದ್ದು ಅವರೇ.

ಗೆಳೆಯನ ಕೈಯಲ್ಲಿ ಏನಿತ್ತು ಎಂಬುದನ್ನು ಹೇಳಬೇಕು. ಹಾಳೆಯ ಮುಕ್ಕಾಲು ಭಾಗಕ್ಕೆ ಕಪ್ಪು ಶಾಯಿ ಬಳಿದು, ಉಳಿದ ಬಿಳಿಯಲ್ಲಿ ಒಂದು ಕೈ, ಒಂದು ಚಕ್ರ, ಎತ್ತಿನ ಒಂದು ಕಣ್ಣು ಮಾತ್ರ ಕಾಣುವಂತೆ ಬಿಡುತ್ತಿದ್ದ. ಕಾಡಿನೊಳಗೆ ಬಿಸಿಲು ಬೀಳುವುದು ಹಾಗೆಯೇ. ಅದನ್ನು ನೋಡಿಯೇ ಸಿನಿಮಾದವರು ಬಂದದ್ದು.

ಯುದ್ಧ ಮುಗಿದ ಮೇಲೆ ಒಂದು ದಿನ ಕೊಲ್ಹಾಪುರದ ಒಬ್ಬ ನಿರ್ದೇಶಕ ನನ್ನ ಶಾಲೆಯ ಬಾಗಿಲಿಗೇ ಬಂದ. ಮೂಲ ಧಾರವಾಡದವನು, ಕನ್ನಡ ಮರೆತಿರಲಿಲ್ಲ. ನಮ್ಮ ಕಥೆಯನ್ನು ಮರಾಠಿಯಲ್ಲಿ ಸಿನಿಮಾ ಮಾಡುತ್ತೇನೆ ಎಂದ. ನಾವಿಬ್ಬರೂ ಆ ಕ್ಷಣವೇ ಒಪ್ಪಿದೆವು. ಕೇಳಬೇಕಾದ ಒಂದು ಪ್ರಶ್ನೆಯೂ ನಮ್ಮ ತಲೆಗೆ ಬರಲಿಲ್ಲ. ನಿರ್ದೇಶಕ ಗೆಳೆಯನ ಮೂಲ ಹಾಳೆಗಳನ್ನು ಒಂದೊಂದಾಗಿ ತಿರುವಿ, “ಇವನ್ನ ಹಿಂಗ ಹಿಂಗ ತೆರಿ ಮ್ಯಾಲ ಇಡತೇನಿ” ಎಂದಾಗ ಗೆಳೆಯನ ಕಣ್ಣು ತುಂಬಿಬಂದಿತ್ತು.

ಮುದುಕನ ಪಾತ್ರ ಮಾಡುವ ನಟನೂ ಜೊತೆಯಲ್ಲಿದ್ದ. ಸಭ್ಯ ಮನುಷ್ಯ. ಚಾಚಾನ ಬಂಡಿ ಹತ್ತಿ ದಾಂಡೇಲಿಯವರೆಗೆ ಹೋಗಿಬಂದ. ಎತ್ತು ಹೂಡುವುದನ್ನು, ಇಳಿಜಾರಿನಲ್ಲಿ ಹಗ್ಗ ಹಿಡಿಯುವುದನ್ನು ಚಾಚಾನೇ ಕಲಿಸಿದರು. ಅವರ ಮನೆಯಲ್ಲಿ ಕುಳಿತು ಊಟ ಮಾಡಿದ. ಕೈತೊಳೆಯಲು ಚಾಚಾ ನೀರು ಹಾಕುತ್ತಿದ್ದರೆ, ಈ ನಟ ಅವರ ಕಾಲನ್ನೇ ನೋಡುತ್ತಿದ್ದ. ಹೋಗುವಾಗ ಕಾಲಿಗೆ ಬಿದ್ದು ನಮಸ್ಕರಿಸಿದ. ಚಾಚಾ ಮುಜುಗರದಿಂದ ಹಿಂದೆ ಸರಿದು, “ಏಳ್ರಿ, ಏಳ್ರಿ ಸಾಹೇಬರ, ನಾ ಬಂಡಿ ಹೊಡಿಯಾವ” ಎಂದರು.

ಸಿನಿಮಾ ಕೊಲ್ಹಾಪುರ, ಬೆಳಗಾವಿಗಳಲ್ಲಿ ಓಡಿದ ಮೇಲೆ ಹಳಿಯಾಳಕ್ಕೆ ಬಂತು. ಸಂತೆಯ ಬಯಲಿನಲ್ಲಿ ಡೇರೆ ಹಾಕಿದರು. ನಮ್ಮೂರಿನ ಕಥೆ ಎಂದು ಡಂಗುರ ಹೊಡೆದದ್ದರಿಂದ ಮುಂಡಗೋಡದ ಕಡೆಯವರೂ ಬಂಡಿ ಕಟ್ಟಿಕೊಂಡು ಬಂದಿದ್ದರು. ಚಾಚಾ ಅದುವರೆಗೆ ಸಿನಿಮಾ ನೋಡಿದವರಲ್ಲ. ಹೊಸ ಟೊಪ್ಪಿಗೆ ಹಾಕಿಕೊಂಡು ಬಂದರು. ಡೇರೆಯ ಮಾಲೀಕ ನಮ್ಮ ಮೂವರಿಗೂ ಮುಂದೆ ಕುರ್ಚಿ ಹಾಕಿಸಿದ.

ಸಿನಿಮಾ ಶುರುವಾದಾಗ ಗೆಳೆಯ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ನಿರ್ದೇಶಕ ಹೇಳಿದ ಮಾತು ಉಳಿಸಿಕೊಂಡಿದ್ದ. ಪರದೆಯ ಮುಕ್ಕಾಲು ಕಪ್ಪು, ನಡುವೆ ತಿರುಗುವ ಒಂದು ಚಕ್ರ. ಡಿಪೋದ ಗೋಡೆಯ ಮೇಲೆ ಕಂಟ್ರಾಟುದಾರನ ನೆರಳು ಬೆಳೆಯುತ್ತ ಬೆಳೆಯುತ್ತ ಸೂರಿಗೆ ಮುಟ್ಟಿ ಬಾಗುವ ದೃಶ್ಯವಂತೂ ಗೆಳೆಯನ ಹಾಳೆಯೇ ಎದ್ದು ನಡೆದಾಡಿದಂತಿತ್ತು. ಕಂಬಳಿಯವನನ್ನು ಹಾಳು ಮಾಡಿದ್ದರು, ನಿಜ. ಒರಟು ಕಂಬಳಿ ಹೋಗಿ ಮಿರಿಮಿರಿ ಮಿಂಚುವ ರೇಷ್ಮೆಯ ನಿಲುವಂಗಿ ಬಂದಿತ್ತು. ಕಾಡಿನಲ್ಲಿ ಅಡಗುವವನು ಮೈಲಿ ದೂರಕ್ಕೆ ಹೊಳೆಯುತ್ತಿದ್ದ. ಎರಡು ಹಾಡು ಬೇಡವಾಗಿದ್ದವು. ನಾನು ಬರೆದ ಮಾತು ಒಂದೂ ಉಳಿದಿರಲಿಲ್ಲ. ಅದನ್ನೆಲ್ಲ ಕ್ಷಮಿಸಬಹುದು ಎಂದುಕೊಂಡೆ.

ಆಮೇಲೆ ಮುದುಕ ಬಂದ. ಎಡಗಾಲು ಬೀಸಿ, ನಿಂತು, ಬಲಗಾಲು ಇಟ್ಟ. ಡೇರೆಯೆಲ್ಲ ಒಟ್ಟಿಗೆ “ಚಾಚಾ!” ಎಂದು ಕೂಗಿತು. ಸೀಟಿ ಬಿದ್ದವು. ಚಾಚಾ ನಾಚಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ನಮ್ಮ ಕಥೆಯಲ್ಲಿ ಮುದುಕನ ಜಾತಿ ಯಾವುದೆಂದು ನಾವು ಹೇಳಿರಲಿಲ್ಲ. ತಲೆಗೆ ವಸ್ತ್ರ ಸುತ್ತಿದ ಬಂಡಿಯವ, ಅಷ್ಟೇ. ಸಿನಿಮಾದಲ್ಲಿ ಅವನಿಗೆ ಟೊಪ್ಪಿಗೆ ಹಾಕಿದ್ದರು, ಗಡ್ಡ ಉದ್ದ ಮಾಡಿದ್ದರು. ಉಳಿದವರೆಲ್ಲ ಮರಾಠಿ ಆಡಿದರೆ ಅವನೊಬ್ಬನ ಬಾಯಲ್ಲಿ ಉರ್ದು. ಮೊದಲು ನಮಗೆ ಅದೂ ಚೆನ್ನಾಗಿಯೇ ಕಂಡಿತು. ಮಧ್ಯಂತರವಾದ ಮೇಲೆ ಆ ಮುದುಕ ಕಂಟ್ರಾಟುದಾರನ ಬಂಗಲೆಯ ಹಿಂದಿನ ಬಾಗಿಲಿಗೆ ಹೋದ. ಚಿನ್ನದ ನಾಣ್ಯಗಳ ಥೈಲಿ ಇಸಿದುಕೊಂಡು, ಹಲ್ಲು ಕಿರಿದು, ಕಂಬಳಿಯವ ಅಡಗಿದ ಜಾಗ ಹೇಳಿಬಿಟ್ಟ. ಬಂಗಲೆಯಿಂದ ಹಿಂದಿರುಗುವಾಗ ಪರದೆಯ ತುಂಬ ಅವನ ಕಾಲುಗಳನ್ನೇ ತೋರಿಸಿದರು. ಎಡಗಾಲು ಬೀಸುತ್ತದೆ, ನಿಲ್ಲುತ್ತದೆ, ಬಲಗಾಲು. ಸದ್ದೆಲ್ಲ ನಿಲ್ಲಿಸಿ ಆ ಹೆಜ್ಜೆಯ ಸಪ್ಪಳ ಮಾತ್ರ ಇಟ್ಟಿದ್ದರು. ಇಡೀ ಸಿನಿಮಾದಲ್ಲಿ ಅದಕ್ಕಿಂತ ಚೆನ್ನಾದ ದೃಶ್ಯ ಇನ್ನೊಂದಿಲ್ಲ.

ಹಿಂದಿನಿಂದ ಯಾರೋ ಪರದೆಯ ಕಡೆಗೆ ಶೇಂಗಾ ಸಿಪ್ಪೆ ಎಸೆದು ಕೆಟ್ಟ ಬೈಗುಳ ಬೈದರು. ಇನ್ನೊಬ್ಬರು ಬೈದರು. ಬೈಗುಳ ಮುದುಕನಿಗೆ ಮಾತ್ರ ನಿಲ್ಲಲಿಲ್ಲ, ಅವನ ಇಡೀ ಜಾತಿಗೆ ಹೋಯಿತು.

ಗೆಳೆಯ ಎದ್ದು ನಿಂತ. “ಅಬ್ಬಾ, ಏಳ್ರಿ, ಮನಿಗೆ ಹೋಗೂಣು.”

“ಕುಂದ್ರು,” ಎಂದರು ಚಾಚಾ. “ಪೂರಾ ನೋಡೂಣು.”

ಕೊನೆಯಲ್ಲಿ ಕಂಬಳಿಯವ ಮುದುಕನನ್ನು ಬಂಡೆಯ ಮೇಲಿಂದ ಕೆಳಗೆ ತಳ್ಳುತ್ತಾನೆ. ಜನ ಕುಣಿದು ಚಪ್ಪಾಳೆ ತಟ್ಟಿದರು. ಬೆಳಕು ಹತ್ತಿದಾಗ ನಮ್ಮ ಮೂರು ಕುರ್ಚಿಗಳ ಸುತ್ತ ಯಾರೂ ನಿಂತಿರಲಿಲ್ಲ. ಹೊರಗೆ ಬಂದ ಮೇಲೆ ಚಾಚಾ ನನ್ನ ಕಡೆ ತಿರುಗಿ, “ನಡಿಗಿ ನಂದ ಐತಿ, ಮಾಸ್ತರ್ರ. ಛಲೋ ಕಲ್ತಾನ” ಎಂದರು.

ಮರುದಿನದಿಂದ ಪೇಟೆಯಲ್ಲಿ ಶಾಲೆಯ ಮಕ್ಕಳು ಚಾಚಾನ ಹಿಂದೆ ಕಾಲು ಬೀಸುತ್ತ ನಡೆದರು. ನನ್ನ ತರಗತಿಯ ಮಕ್ಕಳೇ. ನಾನು ಬೈದರೆ ಓಡಿಹೋಗಿ ಇನ್ನೊಂದು ಓಣಿಯಲ್ಲಿ ಶುರುಮಾಡುತ್ತಿದ್ದರು. ಅದು ಮಕ್ಕಳಾಟ ಎನ್ನೋಣ. ಚಾಚಾ ವರ್ಷಗಟ್ಟಲೆ ಮಾಲು ತಂದುಕೊಟ್ಟ ವ್ಯಾಪಾರಿಯೊಬ್ಬ ಅಂಗಡಿಯ ಕಟ್ಟೆಯ ಮೇಲೆ ಕುಳಿತು, “ಚಾಚಾ, ಮಾಲು ನನಗ ಮುಟ್ಟತೈತೋ, ಕಂಟ್ರಾಟುದಾರನ ಬಂಗಲಿಗೆ ಹೋಗತೈತೋ?” ಎಂದು ನಕ್ಕ. ಕೂತವರೆಲ್ಲ ನಕ್ಕರು. ದೇಶದಲ್ಲಿ ಆಗ ದಿನಗಳು ಕೆಡುತ್ತಿದ್ದವು, ದೂರದ ಊರುಗಳ ಹಿಂದೂ-ಮುಸಲ್ಮಾನರ ಗಲಭೆಯ ಸುದ್ದಿ ದಿನವೂ ಬರುತ್ತಿತ್ತು. ಸ್ವಲ್ಪ ದಿನದಲ್ಲಿ ಅದೇ ಮಾತನ್ನು ನಗದೆಯೇ ಆಡತೊಡಗಿದರು. ಮಾಲು ಬೇರೆ ಬಂಡಿಗಳಿಗೆ ಹೋಯಿತು. ಯಾರೂ ಚಾಚಾನಿಗೆ ಬರಬೇಡ ಎಂದು ಹೇಳಲಿಲ್ಲ. ಅವರು ಡಿಪೋಕ್ಕೆ ಹೋಗುವಷ್ಟರಲ್ಲಿ ಹೇರು ಮುಗಿದಿರುತ್ತಿತ್ತು, ಅಷ್ಟೇ.

ನಾನು, ಗೆಳೆಯ ಇಬ್ಬರೂ ಬೆಳಗಾವಿಗೆ ಬಂದಿದ್ದ ನಿರ್ದೇಶಕನನ್ನು ಕಾಣಲು ಹೋದೆವು. ಅವನು ನಮ್ಮನ್ನು ಕಂಡು ನಿಜವಾಗಿಯೂ ಸಂತೋಷಪಟ್ಟ.

“ಬರ್ರಿ, ಬರ್ರಿ! ಆ ನೆರಳು ನೋಡಿದ್ರೋ ಇಲ್ಲೋ? ಎಲ್ಲಾ ನಿಮ್ಮ ಹಾಳಿಯಿಂದನ ತಗೊಂಡದ್ದು.”

“ನೋಡಿದ್ವಿ,” ಎಂದೆ. “ಮುದುಕನ್ನ ಯಾಕ ಹಂಗ ಮಾಡಿದ್ರಿ?”

“ಮೋಸ ಇಲ್ಲದ ಕತಿ ಎಲ್ಲಿ ಓಡತದರೀ? ಮಂದಿ ಯಾರನ್ನ ನಂಬಿರತಾರ, ಅವನೇ ಕೈ ಕೊಡಬೇಕು. ಆಗ ಎದಿ ಝಲ್ ಅಂತದ.”

“ಆ ಟೊಪಗಿ, ಉರ್ದು?”

“ಈಗಿನ ಕಾಲ ಹೆಂಗದ, ನಿಮಗ ಗೊತ್ತದಲ್ಲ. ಮಂದಿಗೆ ಲಗೂನ ತಿಳೀತದ.”

ಗೆಳೆಯ ಹೇಳಿದ: “ಅವರು ನಮ್ಮಪ್ಪ ಅದಾರ್ರಿ. ನಿಮ್ಮ ನಟ ನಮ್ಮ ಮನ್ಯಾಗ ಉಂಡು ಹೋಗ್ಯಾನ.”

ನಿರ್ದೇಶಕನ ಮುಖ ಅರಳಿತು. “ಅದಕ್ಕ ಅಲ್ಲೇನು, ಅಷ್ಟು ಛಂದ ಮಾಡ್ಯಾನ!”

ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಚಹಾ ತರಿಸಿದ. ಗೆಳೆಯ ಕುಡಿಯಲಿಲ್ಲ, ನಾನೂ ಮುಟ್ಟಲಿಲ್ಲ. ಎದ್ದು ಬಂದೆವು.

ಇನ್ನೂ ಒಂದು ಬಾಕಿಯಿತ್ತು. ಹುಬ್ಬಳ್ಳಿಯ ಸಂಪಾದಕರು ನಮ್ಮನ್ನು ಕರೆಸಿ, ಸಿನಿಮಾ ನೋಡಿದ ಓದುಗರು ಕೇಳುತ್ತಿದ್ದಾರೆ, ಚಿತ್ರಕಥೆಯಲ್ಲೂ ಮುದುಕ ದ್ರೋಹಿ ಎಂದು ಬಯಲಾಗಲಿ, ರೇಷ್ಮೆಯ ನಿಲುವಂಗಿಯೂ ಬರಲಿ ಎಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಗೆಳೆಯ ತಾನು ತಂದಿದ್ದ ಆ ವಾರದ ಹಾಳೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. “ನನ್ನ ಕಡಿಂದ ಆಗಾಂಗಿಲ್ರಿ” ಎಂದು ಹೊರಗೆ ಹೋದ. ಸಂಪಾದಕರು ಬೇರೆ ಕಲಾವಿದನನ್ನು ಹಿಡಿದರು. ಮಾತು ಬರೆಯಲು ನನ್ನನ್ನೇ ಕೇಳಿದರು, ನಾನು ಒಪ್ಪಲಿಲ್ಲ. ಆ ಕಲಾವಿದ ಪರದೆಯ ಮುದುಕನನ್ನು ನೋಡಿ ಚಾಚಾನನ್ನು ಬರೆದ. ಮೂಗು ಇನ್ನೂ ದಪ್ಪ, ಹಲ್ಲು ಚೂಪು. ಕಥೆ ಬಹಳ ದಿನ ನಡೆಯಿತು. ಚಾಚಾ ಮನೆಯ ಗೋಡೆಯ ಹಾಳೆಗಳನ್ನೆಲ್ಲ ಕಿತ್ತು ಒಲೆಗೆ ಹಾಕಿದರೆಂದು ಅವರ ನೆರೆಯವರು ಹೇಳಿದರು.

ಮುಂದಿನ ಮಳೆಗಾಲಕ್ಕೆ ಮುಂಚೆಯೇ ಚಾಚಾ, ಗೆಳೆಯ ಇಬ್ಬರೂ ಮನೆ ಖಾಲಿ ಮಾಡಿ ಗಡಿಯ ಕಡೆಯ ಒಂದು ಸಣ್ಣ ಊರಿಗೆ ಹೋದರು. ಗೋವೆಯ ರಸ್ತೆಯಲ್ಲಿ ಸರಕು ಸಾಗಿಸುವ ಬಂಡಿಗೆ ಅಲ್ಲಿ ಕೆಲಸವಿತ್ತು, ಡೇರೆ ಸಿನಿಮಾ ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಒಂದು ವರ್ಷದ ಮೇಲೆ ಬಂತು. ಬಂದದ್ದು ಇದೇ ಸಿನಿಮಾ. ಆ ಊರಿಗೂ ಚಾಚಾನ ಕಾಲು ಗುರುತಾಯಿತು.

ನಾನು ಅಲ್ಲಿಗೆ ಹೋದದ್ದು ಅವರು ತೀರಿಕೊಂಡ ಸುದ್ದಿ ಕೇಳಿ. ಗೆಳೆಯ ಬಾಗಿಲ ಮುಂದೆ ಒಂದು ಲಾರಿಯ ಹಲಗೆಗೆ ಹಸಿರು ಬಣ್ಣ ಬಳಿಯುತ್ತಿದ್ದ. ಹೂವಿಲ್ಲ, ಹಕ್ಕಿಯಿಲ್ಲ, ಬರೀ ಬಣ್ಣ. ಕಡೆಗಾಲದಲ್ಲಿ ಚಾಚಾ ಹೇಗಿದ್ದರು ಎಂದು ಕೇಳಿದೆ.

“ಹೊರಗ ಹೋಗತಿದ್ದಿಲ್ಲ,” ಎಂದ. “ಅಂಗಳದಾಗ ನೆಟ್ಟಗ ನಡ್ಯಾಕ ಕಲೀತಿದ್ರು. ಎಡಗಾಲು ಬೀಸಬಾರದು ಅಂತ. ಆ ನೋವು ತಡಕೊಂಡು ದಿನಾ ನಡದ್ರು. ಅದು ಬರಲಿಲ್ಲ.”

ಆ ಸಿನಿಮಾ ಕೆಟ್ಟದ್ದಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಕೆಟ್ಟ ಸಿನಿಮಾವನ್ನು ಜನ ಡೇರೆ ಬಿಚ್ಚುವಷ್ಟರಲ್ಲಿ ಮರೆಯುತ್ತಾರೆ. ಇದನ್ನು ಮರೆಯಲಿಲ್ಲ. ಬಲ್ಲವರು ಇವತ್ತಿಗೂ ಆ ನೆರಳು, ಆ ಬೆಳಕು, ಆ ಮುದುಕನ ನಡಿಗೆ ಎಂದು ಹೊಗಳುತ್ತಾರೆ. ಹೊಗಳುವುದರಲ್ಲಿ ತಪ್ಪೂ ಇಲ್ಲ.

ಹೊರಡುವಾಗ ಗೆಳೆಯ ಕುಂಚವನ್ನು ಚಿಂದಿಗೆ ಒರೆಸುತ್ತ ಕೇಳಿದ: “ಮಾಸ್ತರ, ನೀ ಈಗೂ ಏನರ ಬರೀತಿಯೇನು?”

“ಇಲ್ಲ,” ಎಂದೆ.

“ಛಲೋ ಆತು,” ಎಂದು ಅವನು ಮತ್ತೆ ಹಲಗೆಯ ಕಡೆ ತಿರುಗಿದ.