ಭಾವನ ಕತ್ತಿ ಮತ್ತು ತಲೆಸುತ್ತಿನ ಮಾತ್ರೆ

ನಮ್ಮ ಭಾವ ಕ್ಷೌರದ ಅಂಗಡಿಯವರು. ಒಂದು ಕಾಲದಲ್ಲಿ ಭೂಮಿ ನಡುಗಿ ಅಂಗಡಿಯ ಗೋಡೆ ಬಿದ್ದರೂ ಅವರ ಕೈಯ ಕತ್ತಿ ಅಲುಗುತ್ತಿರಲಿಲ್ಲ. ವಯಸ್ಸಾದ ಮೇಲೆ ಕೈ ನಡುಗತೊಡಗಿತು. ಗಡ್ಡಕ್ಕೆ ಕೂತವರು ನೊರೆಯ ಸಮೇತ ಬೀದಿಗೆ ಓಡಿದರು. ಅಕ್ಕ ಕತ್ತಿ ಕಿತ್ತುಕೊಂಡು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದಳು. ಅಂದಿನಿಂದ ಭಾವ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಅವರ ಓಡಾಟಕ್ಕೆ ಅಂಗಡಿಯ ನೆಲ ಸವೆದು ಮೊಣಕಾಲುದ್ದ ಹಳ್ಳ ಬಿತ್ತು.

ಅವರ ಹೊಟ್ಟೆಯಲ್ಲಿ ಊಟಕ್ಕಿಂತ ಮಾತ್ರೆಗೇ ಹೆಚ್ಚು ಜಾಗ. ಕೆಮ್ಮಿದರೆ ಗಿಲಕಿ ಅಲ್ಲಾಡಿಸಿದ ಸದ್ದು. ಎಂದೋ ಬಂದ ತಲೆಸುತ್ತಿಗೊಂದು, ನಡುಕಕ್ಕೊಂದು, ಅದರಿಂದ ಕಟ್ಟಿದ ಹೊಟ್ಟೆಗೊಂದು, ಅದರಿಂದ ಕಿವುಚಿದ ಹೊಟ್ಟೆಗೆ ಇನ್ನೊಂದು. ಹೊಸ ಡಾಕ್ಟರಮ್ಮ ಎಲ್ಲವನ್ನೂ ಮೇಜಿನ ಮೇಲೆ ಹರಡಿ, "ಈ ತಲೆಸುತ್ತಿನ ಮಾತ್ರೆಯಿಂದಲೇ ಕೈ ನಡುಗ್ತಿರಬಹುದು. ಇದನ್ನ ಸ್ವಲ್ಪಸ್ವಲ್ಪ ಇಳಿಸಿ ಬಿಡಿಸೋಣ" ಎಂದರು.

ಭಾವ ಕುರ್ಚಿಯಿಂದ ಎದ್ದೇಬಿಟ್ಟರು. "ಅದನ್ನ ಬರೆದವರು ಹಳೇ ಡಾಕ್ಟರು! ಒಬ್ಬರು ಕೈಯಿಟ್ಟ ತಲೆಗೆ ಇನ್ನೊಬ್ಬರು ಕತ್ತರಿ ಹಾಕಬಾರದು. ಅದು ನಮ್ಮ ಕಸುಬಿನ ಮರ್ಯಾದೆ."

ಕೊನೆಗೆ ನಾನೇ ಅವರನ್ನು ದರದರ ಎಳೆದುಕೊಂಡು, ನಿವೃತ್ತರಾಗಿ ಮನೆಯಲ್ಲಿದ್ದ ಹಳೇ ಡಾಕ್ಟರ ಹತ್ತಿರ ಹೋದೆ.

"ಅಯ್ಯೋ ಪುಣ್ಯಾತ್ಮ, ಇದು ಒಂದು ವಾರಕ್ಕೆ ಕೊಟ್ಟಿದ್ದಲ್ಲವೇನಯ್ಯ! ಇನ್ನೂ ನುಂಗ್ತಿದ್ದೀಯಾ?"

"ನೀವು ನಿಲ್ಲಿಸು ಅನ್ನಲಿಲ್ಲವಲ್ಲ ಸ್ವಾಮಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಹೌದು, ನಾನು ಅನ್ನಲಿಲ್ಲ. ಈಗ ಅಂತೀನಿ. ಒಮ್ಮೆಲೇ ಬೇಡ, ಆ ಡಾಕ್ಟರಮ್ಮ ಹೇಳಿದ ಹಾಗೆ ಸ್ವಲ್ಪಸ್ವಲ್ಪ ಇಳಿಸ್ತಾ ಬಾ."

ಮನೆಯಲ್ಲಿ ಅಕ್ಕ ಸಿಡಿದಳು. "ತಲೆ ಸುತ್ತಿ ಬಿದ್ರೆ ಯಾರು ಹಿಡ್ಕೋತಾರೆ? ಆ ಡಾಕ್ಟರಾ, ಈ ನನ್ನ ತಮ್ಮನಾ?"

ಭಾವ ಮಾತ್ರೆಯ ಡಬ್ಬಿಯ ಸುತ್ತ ಬೆಣ್ಣೆ ಕಂಡ ಬೆಕ್ಕಿನಂತೆ ಸುಳಿದರು. ಮುಚ್ಚಳ ತೆಗೆಯುವರು, ಮುಚ್ಚುವರು. ಕನ್ನಡಿಯೆದುರು ಬೆರಳು ಚಾಚಿ ನಿಂತರೆ ಕನ್ನಡಿಗೇ ಆಕಳಿಕೆ ಬರಬೇಕು. "ಇನ್ನೂ ನಡುಗ್ತಿದೆ ಕಣೋ. ಮಾತ್ರೆನೂ ಹೋಯ್ತು, ಕೈಯೂ ಹೋಯ್ತು" ಎಂದು ನನ್ನ ಪ್ರಾಣ ತಿಂದರು.

ತಿಂಗಳುಗಳೇ ಹಿಡಿದವು. ತಲೆ ಸುತ್ತಲಿಲ್ಲ, ನಡುಕ ಇಳಿಯುತ್ತ ಬಂತು. ಲೋಟದ ನೀರು ಅಂಗಿಗೆ ಚೆಲ್ಲದೆ ಬಾಯಿಗೇ ಹೋದ ಬೆಳಿಗ್ಗೆ ಅಕ್ಕ ಪೆಟ್ಟಿಗೆಯ ಬೀಗ ತೆಗೆದಳು. ಕತ್ತಿಯನ್ನು ಭಾವನ ಕೈಗಿಟ್ಟು, ನನ್ನ ಭುಜ ಹಿಡಿದು ಕುರ್ಚಿಗೆ ಒತ್ತಿದಳು.

"ಮೊದಲು ಇವನ ಗಡ್ಡ ಮಾಡಿ. ಎಳ್ಕೊಂಡು ಹೋದವನು ಇವನೇ ತಾನೆ?"

ನೊರೆ ಹಚ್ಚಿದ್ದಾಯಿತು. ತಣ್ಣಗಿನ ಕತ್ತಿ ಕೆನ್ನೆಗೆ ತಾಗಿತು.

"ನಡುಗ್ತಿದೆ ಭಾವ!" ಎಂದೆ.

"ನಡುಗ್ತಿರೋದು ನೀನು. ಸುಮ್ಮನೆ ಕೂತ್ಕೋ."