ನಿಂತ ವಾಚಿನ ಪದಕ

ನಾನು ಮಾಡುವ ಒಡವೆಗಳನ್ನು ನನ್ನ ಗಂಡ ಗುಜರಿ ಬಂಗಾರ ಎನ್ನುತ್ತಾನೆ. ಎನ್ನಲಿ. ಓವನ್ನಿನಲ್ಲಿಟ್ಟರೆ ಗಟ್ಟಿಯಾಗುವ ಬಣ್ಣದ ಕ್ಲೇ, ಕಾರವಾರದ ಗುಜರಿ ಅಂಗಡಿಯಲ್ಲಿ ಕೆದಕಿ ತಂದ ಹಿತ್ತಾಳೆ ನಟ್ಟು, ಕೆಟ್ಟ ಗಡಿಯಾರಗಳ ಹಲ್ಲುಚಕ್ರ, ಇಷ್ಟೇ ನನ್ನ ಬಂಡವಾಳ. ಹಳೆಯ ಯಂತ್ರದ ಹೊಟ್ಟೆಯೊಳಗಿನದನ್ನೆಲ್ಲ ಕೊರಳಿಗೆ ಹಾಕಿಕೊಂಡಂತೆ ಕಾಣುವ ಈ ಶೈಲಿಗೆ ಸ್ಟೀಮ್‌ಪಂಕ್ ಎಂದು ಹೆಸರು. ಕಾಲೇಜು ಹುಡುಗಿಯರು ಆಸೆಪಟ್ಟು ಕೊಳ್ಳುತ್ತಾರೆ, ದೊಡ್ಡವರು ಮೂಗು ಮುರಿಯುತ್ತಾರೆ.

ಕಳೆದ ಬೇಸಿಗೆಯಲ್ಲಿ ಹಾರವಾಡದಿಂದ ನನ್ನ ಶಾಲೆಯ ಗೆಳತಿ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ಕೈಗಡಿಯಾರ ಮೇಜಿನ ಮೇಲಿಟ್ಟಳು. ಅವಳ ಗಂಡ ಮೀನಿಗೆ ಹೋದವನು ದೋಣಿಯಲ್ಲೇ ಎದೆನೋವು ಬಂದು ತೀರಿಕೊಂಡಿದ್ದ. ಆಗ ಅವನ ಕೈಯಲ್ಲಿದ್ದ ವಾಚು ಅದು, ಅವನ ಅಪ್ಪನ ಕಾಲದ್ದು. ಉಪ್ಪುನೀರು ಹೊಕ್ಕು ನಿಂತುಹೋಗಿತ್ತು.

"ನಿಂತ ವಾಚು ಮನೇಲಿ ಇಡೂದು ಬ್ಯಾಡ, ಸಮುದ್ರಕ್ಕೆ ಹಾಕು ಅಂದ್ರು ಅತ್ತೆ. ಹಾಕಿದೆ ಅಂತ ಸುಳ್ಳು ಹೇಳಿದೆ. ಕೊರಳಿಗೆ ಹಾಕೂ ಹಾಂಗೆ ಎಂತಾದ್ರೂ ಮಾಡಿ ಕೊಡೆ" ಎಂದಳು. ಆಮೇಲೆ ಮೆಲ್ಲಗೆ, "ಖಾಲಿ ಕೊರಳು ಮುಟ್ಕಂಡು ಮುಟ್ಕಂಡು ಸಾಕಾಗಿದೆ" ಎಂದಳು.

ವಾಚಿನ ಹಿಂಬದಿ ತೆಗೆಯಲು ಕೂತೆ. ಮುರಿದರೆ ಇನ್ನೊಂದು ತರುವಂತಿಲ್ಲ. ತುಕ್ಕು ಹಿಡಿದ ಸ್ಕ್ರೂಗಳಿಗೆ ಎಣ್ಣೆ ಬಿಟ್ಟು ಕಾದೆ. ಗಂಡನನ್ನು ಕೋಣೆಯಿಂದ ಓಡಿಸಿದೆ. ಒಂದೊಂದೇ ಚಕ್ರವನ್ನು ಚಿಮಟದಲ್ಲಿ ಹಿಡಿದು ಕಪ್ಪು ಕ್ಲೇ ಬಿಲ್ಲೆಯ ಮೇಲೆ ಒತ್ತಿ, ಅಂಚಿಗೆ ಸೆಕೆಂಡಿನ ಮುಳ್ಳು ಕೂರಿಸಿದೆ. ಬೇಯುವಷ್ಟು ಹೊತ್ತೂ ಓವನ್ನಿನ ಗಾಜಿಗೆ ಮೂಗು ಹಚ್ಚಿಕೊಂಡೇ ನಿಂತಿದ್ದೆ. ಬಿರುಕು ಬಿಡಲಿಲ್ಲ. ಆ ಖುಷಿಯಲ್ಲೇ ಮಣಿ ಪೋಣಿಸಿ ಡಬ್ಬಿಗೆ ಹಾಕಿದೆ.

ಅತ್ತೆ ಮೀನು ಮಾರಲು ಅಂಕೋಲೆ ಪೇಟೆಗೆ ಹೋಗುವ ಹೊತ್ತಿಗೆ ಬಾ ಎಂದಿದ್ದಳು ಗೆಳತಿ. ಬಸ್ಸಿಳಿದು ರಿಕ್ಷಾ ಹಿಡಿದು ಹೋದರೆ, ಅತ್ತೆ ಅಂಗಳದಲ್ಲೇ ಕೂತು ಒಣಮೀನು ತಿರುವಿಹಾಕುತ್ತಿದ್ದರು. ಗೆಳತಿ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಬೇಡ ಬೇಡ ಎಂದಳು. ಅಷ್ಟರಲ್ಲಿ ಅತ್ತೆ ನನ್ನ ಕೈಯಲ್ಲಿದ್ದ ಡಬ್ಬಿ ನೋಡಿಯಾಗಿತ್ತು.

"ಎಂತಾ ತಂದಿ? ತೆಗಿ, ಕಾಂಬ."

ತೆಗೆದೆ. ತೆಗೆದ ಮೇಲೆಯೇ ನನಗೆ ಕಂಡದ್ದು. ಎರಡು ಕರಿಮಣಿ, ಒಂದು ಚಿನ್ನದ ಬಣ್ಣದ ಗುಂಡು, ಮತ್ತೆ ಎರಡು ಕರಿಮಣಿ. ಹಿತ್ತಾಳೆಗೆ ಕಪ್ಪು ಒಪ್ಪುತ್ತದೆ ಎಂದಷ್ಟೇ ಎಣಿಸಿದ್ದೆ. ಉಳಿದದ್ದನ್ನು ಕೈ ತನ್ನಷ್ಟಕ್ಕೆ ಮಾಡಿಬಿಟ್ಟಿತ್ತು, ಅಮ್ಮನ ಕರಿಮಣಿ ಹರಿದಾಗಲೆಲ್ಲ ಪೋಣಿಸಿ ಕೊಟ್ಟ ಕೈ. ಗಂಡ ಸತ್ತವಳಿಗೆ ನಾನು ಕರಿಮಣಿ ಕಟ್ಟಿ ತಂದಿದ್ದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಸರವನ್ನೆತ್ತಿ ಬಿಸಿಲಿಗೆ ಹಿಡಿದರು. ಮುಳ್ಳಿನ ಮೇಲೆ ಬೆರಳಾಡಿಸಿದರು. ಅದು ಯಾವ ವಾಚಿನ ಮುಳ್ಳೆಂದು ಅವರಿಗೆ ಗುರುತು ಹತ್ತಿತು.

"ಸಮುದ್ರಕ್ಕೆ ಹಾಕಿದೆ ಅಂದಿದ್ದೆ ಅಲ್ವನೆ?" ಎಂದರು, ಸೊಸೆಯ ಕಡೆ ತಿರುಗದೆ.

ಅವಳು ಬಾಗಿಲಿಗೆ ಒರಗಿ ಅಳತೊಡಗಿದಳು.

"ಕತ್ತರಿ ತಾ."

ಗೆಳತಿ ಅಳುತ್ತಲೇ ತಂದುಕೊಟ್ಟಳು. "ತಪ್ಪು ನಂದು, ಬೇರೆ ದಾರ ಹಾಕ್ತೆ" ಎಂದು ನಾನು ಏನೇನೋ ಬಡಬಡಿಸಿದೆ. ಅವರು ಕೇಳಿಸಿಕೊಳ್ಳದೆ ದಾರ ಕತ್ತರಿಸಿ, ಮಣಿಗಳನ್ನೆಲ್ಲ ನನ್ನ ಡಬ್ಬಿಗೆ ಉದುರಿಸಿದರು. ಪದಕವನ್ನು ಮುಷ್ಟಿಯಲ್ಲಿ ಹಿಡಿದೇ ಒಳಗೆ ಹೋದರು. ಎಲ್ಲ ಮುಗಿಯಿತು ಎಂದುಕೊಂಡೆ.

ಹೊರಗೆ ಬಂದಾಗ ಇನ್ನೊಂದು ಕೈಯಲ್ಲಿ ಬಟ್ಟೆಯ ಸಣ್ಣ ಗಂಟಿತ್ತು. ಬಿಚ್ಚಿ ನನ್ನ ಮುಂದೆ ಸುರಿದರು. ಹಳೆಯ ಕರಿಮಣಿ, ಹೊಳಪು ಹೋದದ್ದು.

"ನಂದು. ಅವ್ರು ಹೋದ ದಿನ ಕಡಿದಿದ್ದು. ಬೇಕಾ ಬ್ಯಾಡ್ವಾ ಅಂತ ನನ್ನ ಹತ್ರ ಯಾರೂ ಕೇಳ್ಲಿಲ್ಲ" ಎಂದರು. "ಇದನ್ನೂ ಸೇರ್ಸಿ ಉದ್ದ ಮಾಡು ತಂಗಿ. ಇವ್ಳ ರವಕೆ ಒಳಗೆ ಹೋಗ್ಲಿ. ಊರವ್ರಿಗೆ ಕಾಣೂದು ಬ್ಯಾಡ."

ಜಗಲಿಯಲ್ಲಿ ಕೂತು ಪೋಣಿಸಿದೆ. ಅವರ ಮಣಿ, ನನ್ನ ಮಣಿ ಬೆರೆತುಹೋದವು. ಗೆಳತಿ ಪಕ್ಕದಲ್ಲೇ ಕೂತಿದ್ದಳು. ಸರ ಮುಗಿಯಿತು. ಅವರ ಗಂಡನೂ ಮಗನೂ ಕಟ್ಟಿದ ವಾಚಿನ ಪದಕ ಮಾತ್ರ ಇನ್ನೂ ಅತ್ತೆಯ ಮುಷ್ಟಿಯಲ್ಲೇ ಇತ್ತು. ಕೊಡಿ ಎನ್ನಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ.